ಸಿಡಿ19 ಶೂನ್ಯ, ನ್ಯೂರೋಫಿಲಮೆಂಟ್ 11.8: ಚಿಕಿತ್ಸೆಯಲ್ಲಿರುವ ಎಂಎಸ್ ರೋಗಿ ತನ್ನ ವರದಿಯನ್ನು ಓದುವುದು ಹೇಗೆ?

ಪ್ರಶ್ನೆ: ನನಗೆ 36 ವರ್ಷ. ಐದು ವರ್ಷಗಳ ಹಿಂದೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್), ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆಯೇ ಮಿದುಳು ಮತ್ತು ಬೆನ್ನುಹುರಿಯ ಮೇಲೆ ದಾಳಿ ಮಾಡುವ ಕಾಯಿಲೆ, ಇದೆಯೆಂದು ಗೊತ್ತಾಯಿತು. ಮೊದಲು ಫಿಂಗೋಲಿಮಾಡ್ ಮಾತ್ರೆ ಕೊಟ್ಟರು. ಅದರ ನಡುವೆಯೇ ರೋಗ ಮರುಕಳಿಸಿ ಮತ್ತೊಂದು ಅಟ್ಯಾಕ್ ಆದದ್ದರಿಂದ ಎರಡೂವರೆ ವರ್ಷಗಳಿಂದ ಆರು ತಿಂಗಳಿಗೊಮ್ಮೆ ರಿಟುಕ್ಸಿಮ್ಯಾಬ್ 500 ಮಿಲಿಗ್ರಾಂ ಡ್ರಿಪ್ ಹಾಕಿಸಿಕೊಳ್ಳುತ್ತಿದ್ದೇನೆ. ಆಮೇಲೆ ಅಟ್ಯಾಕ್ ಆಗಿಲ್ಲ, ಮಿದುಳಿನ ಎಂಆರ್‌ಐಯಲ್ಲಿಯೂ ಹೊಸದೇನೂ ಇಲ್ಲ. ಆದರೆ ಈ ಬಾರಿಯ ರಕ್ತದ ವರದಿಯಲ್ಲಿ ಸಿಡಿ19 ಶೂನ್ಯ, ಐಜಿಜಿ 640 ಎಂದು ಬಂದಿದೆ. ಫಿಂಗೋಲಿಮಾಡ್ ಕಾಲದಲ್ಲಿ 420 ಇದ್ದ ಲಿಂಫೋಸೈಟ್ ಈಗ 1,150 ಆಗಿದೆ. ಕಳೆದ ವರ್ಷ ಬೇರೊಂದು ಲ್ಯಾಬ್‌ನಲ್ಲಿ 7.4 ಇದ್ದ ನ್ಯೂರೋಫಿಲಮೆಂಟ್ ಈಗ 11.8. ಈ ನಡುವೆ ಒಂಬತ್ತು ಕಿಲೋ ತೂಕ ಇಳಿಸಿದ್ದೇನೆ. ಈಚೆಗೆ ಸ್ವಲ್ಪ ದೂರ ನಡೆದರೆ ಬಲಗಾಲು ಎಳೆದಂತಾಗುತ್ತದೆ. ನನ್ನ ರೋಗನಿರೋಧಕ ಶಕ್ತಿ ಹೋಗಿಬಿಟ್ಟಿದೆಯೇ? ಔಷಧ ಕೆಲಸ ಮಾಡುತ್ತಿಲ್ಲವೇ? ಬೆನ್ನಿನಿಂದ ನೀರು ತೆಗೆಸಿ ಮತ್ತೊಮ್ಮೆ ಪರೀಕ್ಷೆ ಮಾಡಿಸಬೇಕೇ?

ಉತ್ತರ: ನಿಮ್ಮ ವರದಿಯ ಅಂಕಿಗಳೆಲ್ಲ ಒಂದೇ ಹಾಳೆಯಲ್ಲಿ ಅಚ್ಚಾಗಿ ಬಂದಿದ್ದರೂ ಅವು ಉತ್ತರಿಸುತ್ತಿರುವುದು ಎರಡು ಬೇರೆ ಬೇರೆ ಪ್ರಶ್ನೆಗಳಿಗೆ. ಸಿಡಿ19 (ಬಿ ಕೋಶಗಳೆಂಬ ಬಿಳಿ ರಕ್ತಕಣಗಳ ಎಣಿಕೆ), ಲಿಂಫೋಸೈಟ್ (ಬಿ, ಟಿ ಮುಂತಾದ ಬಿಳಿ ರಕ್ತಕಣಗಳ ಗುಂಪು) ಎಣಿಕೆ ಮತ್ತು ಐಜಿಜಿ (ರಕ್ತದ ಮುಖ್ಯ ಪ್ರತಿಕಾಯ) ಔಷಧವು ನಿಮ್ಮ ರೋಗನಿರೋಧಕ ವ್ಯವಸ್ಥೆಯಲ್ಲಿ ಏನು ಮಾಡಿದೆ ಎಂಬುದನ್ನು ತಿಳಿಸುತ್ತವೆ. ನ್ಯೂರೋಫಿಲಮೆಂಟ್ ನರತಂತುಗಳಿಗೆ ಪೆಟ್ಟು ಬೀಳುತ್ತಿದೆಯೇ ಎಂಬುದನ್ನು ತಿಳಿಸಲು ಪ್ರಯತ್ನಿಸುತ್ತದೆ. ಸಿಡಿ19 ಶೂನ್ಯವಾಗಿದೆಯೆಂದ ಮಾತ್ರಕ್ಕೆ ರೋಗ ನಿಂತಿದೆ ಎನ್ನಲಾಗದು. ನ್ಯೂರೋಫಿಲಮೆಂಟ್ ತುಸು ಏರಿದೆಯೆಂದ ಮಾತ್ರಕ್ಕೆ ಔಷಧ ಸೋತಿದೆ ಎನ್ನಲೂ ಆಗದು. ಜೊತೆಗೆ ಇನ್ನೊಂದು ಸಂಗತಿಯನ್ನು ಮೊದಲೇ ಹೇಳಿಬಿಡಬೇಕು. ವರದಿಯ ಬಲಬದಿಯಲ್ಲಿ ಅಚ್ಚಾಗಿರುವ ಸಾಮಾನ್ಯ ಮಿತಿಗಳು ಯಾವ ಔಷಧವನ್ನೂ ತೆಗೆದುಕೊಳ್ಳದ ಆರೋಗ್ಯವಂತರಿಗೆ ಸಂಬಂಧಿಸಿದವು. ನಿಮ್ಮ ಅಂಕಿಗಳನ್ನು ಅವುಗಳ ಪಕ್ಕದಲ್ಲಿಟ್ಟು ಓದಿದರೆ ಬರುವ ಅರ್ಥ ಒಂದು, ನೀವು ಪಡೆಯುತ್ತಿರುವ ಔಷಧದ ಪಕ್ಕದಲ್ಲಿಟ್ಟು ಓದಿದರೆ ಬರುವ ಅರ್ಥ ಇನ್ನೊಂದು. ಎರಡನೆಯದೇ ಸರಿಯಾದ ಓದು.

ರಿಟುಕ್ಸಿಮ್ಯಾಬ್ ಪಡೆಯುತ್ತಿರುವವರಲ್ಲಿ ಸಿಡಿ19 ಶೂನ್ಯವಾಗಿಯೋ ಶೂನ್ಯದ ಹತ್ತಿರವೋ ಇರಬೇಕು. ಅದು ಔಷಧದ ಅಡ್ಡಪರಿಣಾಮವಲ್ಲ, ಅದರ ಉದ್ದೇಶ. ಈ ಔಷಧ ಬಿ ಲಿಂಫೋಸೈಟ್‌ಗಳ ಮೇಲ್ಮೈಯಲ್ಲಿರುವ ಸಿಡಿ20 ಎಂಬ ಪ್ರೋಟೀನಿಗೆ ಅಂಟಿಕೊಂಡು ಆ ಕೋಶಗಳನ್ನು ಕೆಲವೇ ದಿನಗಳಲ್ಲಿ ರಕ್ತದಿಂದ ತೆರವು ಮಾಡುತ್ತದೆ. ಹಾಗಿದ್ದರೆ ಲ್ಯಾಬ್‌ನವರು ಸಿಡಿ20ಯನ್ನೇ ಎಣಿಸದೆ ಸಿಡಿ19ನ್ನು ಏಕೆ ಎಣಿಸುತ್ತಾರೆ ಎಂದು ಕೆಲವರು ಕೇಳುವುದುಂಟು. ಔಷಧವೇ ಸಿಡಿ20ಯ ಜಾಗವನ್ನು ಮುಚ್ಚಿಕೊಂಡಿರುವಾಗ ಅಳಿದುಳಿದ ಬಿ ಕೋಶಗಳಿದ್ದರೂ ಅವು ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು. ಸಿಡಿ19 ಅದೇ ಕೋಶಗಳ ಮೇಲೆ ಇದ್ದು ಔಷಧದ ಹಿಡಿತಕ್ಕೆ ಸಿಗದ ಗುರುತಾದ್ದರಿಂದ ಅದನ್ನು ನಂಬಬಹುದು.

ಇಷ್ಟಾದ ಮೇಲೂ ನಿಮ್ಮ ರಕ್ಷಣೆ ಶೂನ್ಯವಾಗಿಲ್ಲ. ಎಲುಬಿನ ಮಜ್ಜೆಯಲ್ಲಿ ಹೊಸ ಕೋಶಗಳನ್ನು ಹುಟ್ಟಿಸುವ ಮೂಲಕೋಶಗಳ ಮೇಲೆ ಸಿಡಿ20 ಇಲ್ಲ. ಪ್ರತಿಕಾಯಗಳನ್ನು ತಯಾರಿಸುತ್ತ ವರ್ಷಗಟ್ಟಲೆ ಬದುಕುವ ಪ್ಲಾಸ್ಮಾ ಕೋಶಗಳ ಮೇಲೂ ಇಲ್ಲ. ವೈರಸ್‌ಗಳ ವಿರುದ್ಧ ಮುಖ್ಯವಾಗಿ ಹೋರಾಡುವ ಟಿ ಕೋಶಗಳಲ್ಲಿ ಒಂದು ಸಣ್ಣ ಪಾಲನ್ನು ಬಿಟ್ಟರೆ ಉಳಿದವುಗಳ ಮೇಲೂ ಇಲ್ಲ. ನಿಮ್ಮ ರಕ್ತದಲ್ಲಿರುವ 1,150 ಲಿಂಫೋಸೈಟ್‌ಗಳು ಬಹುಮಟ್ಟಿಗೆ ಟಿ ಕೋಶಗಳು, ಜೊತೆಗೆ ಸ್ವಲ್ಪ ಎನ್‌ಕೆ ಎಂಬ ಇನ್ನೊಂದು ಬಗೆಯ ಕೋಶಗಳು. ಕೊರೊನಾ ಲಸಿಕೆಯ ಸಮಯದಲ್ಲಿ ಇದು ಸ್ಪಷ್ಟವಾಗಿ ಕಂಡುಬಂತು. ಈ ಗುಂಪಿನ ಔಷಧ ಪಡೆಯುತ್ತಿದ್ದ ಅನೇಕರಲ್ಲಿ ಲಸಿಕೆಗೆ ಪ್ರತಿಕಾಯಗಳು ಸರಿಯಾಗಿ ಹುಟ್ಟಲಿಲ್ಲ, ಆದರೆ ಟಿ ಕೋಶಗಳ ಪ್ರತಿಕ್ರಿಯೆ ಬಹುಪಾಲು ಜನರಲ್ಲಿ ಇತ್ತು.

ಲಿಂಫೋಸೈಟ್ 420ರಿಂದ 1,150ಕ್ಕೆ ಏರಿದ್ದು ಈಗಿನ ಔಷಧ ದುರ್ಬಲವಾಗಿರುವುದರ ಲಕ್ಷಣವೇ ಎಂಬುದು ನಿಮ್ಮ ಅನುಮಾನ. ಒಂದೇ ಅಂಕಿ ಬೇರೆ ಬೇರೆ ಔಷಧಗಳ ಕೆಳಗೆ ಎಷ್ಟು ಬೇರೆ ಅರ್ಥ ಕೊಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ಫಿಂಗೋಲಿಮಾಡ್ ಲಿಂಫೋಸೈಟ್‌ಗಳನ್ನು ಕೊಲ್ಲುವುದಿಲ್ಲ. ಅವು ದುಗ್ಧಗ್ರಂಥಿಗಳಿಂದ ಹೊರಬಂದು ರಕ್ತಕ್ಕೆ ಸೇರದಂತೆ ತಡೆಹಿಡಿಯುತ್ತದೆ. ಹೀಗಾಗಿ ಮಾತ್ರೆ ಶುರುವಾದ ಮೇಲೆ ರಕ್ತದ ಎಣಿಕೆ ಮೊದಲಿದ್ದುದರ ಶೇಕಡಾ 20ರಿಂದ 30ಕ್ಕೆ ಇಳಿಯುವುದು ಸಹಜ. ನಿಮ್ಮ ಆಗಿನ 420 ಆ ಲೆಕ್ಕಕ್ಕೆ ಸರಿಯಾಗಿಯೇ ಇತ್ತು. ಎಣಿಕೆ 200ಕ್ಕಿಂತ ಕೆಳಗಿಳಿದರೆ ಮಾತ್ರ ಮಾತ್ರೆಯನ್ನು ನಿಲ್ಲಿಸಿ ಮತ್ತೆ ನೋಡುವುದು ರೂಢಿ. ನಟಾಲಿಜುಮ್ಯಾಬ್ ಎಂಬ ಇನ್ನೊಂದು ಔಷಧ ಇದಕ್ಕೆ ತೀರಾ ವಿರುದ್ಧ. ಅದು ಲಿಂಫೋಸೈಟ್‌ಗಳು ರಕ್ತನಾಳದ ಗೋಡೆಯನ್ನು ದಾಟಿ ಮಿದುಳಿನೊಳಗೆ ಹೋಗದಂತೆ ತಡೆಯುವುದರಿಂದ ಅವು ರಕ್ತದಲ್ಲೇ ಉಳಿದು ಎಣಿಕೆ ಹೆಚ್ಚುತ್ತದೆ. ಎರಡೂ ಔಷಧಗಳು ಮಿದುಳನ್ನು ಒಂದೇ ದಾಳಿಯಿಂದ ಕಾಪಾಡುತ್ತವೆ, ಒಂದರಲ್ಲಿ ಎಣಿಕೆ ಇಳಿಯುತ್ತದೆ, ಇನ್ನೊಂದರಲ್ಲಿ ಏರುತ್ತದೆ. ಡೈಮೀಥೈಲ್ ಫ್ಯೂಮರೇಟ್ ಪಡೆಯುವವರಲ್ಲಿ ಮಾತ್ರ ಎಣಿಕೆಯ ಇಳಿಕೆಯನ್ನು ಗಂಭೀರವಾಗಿ ನೋಡಬೇಕು. ಅಲ್ಲಿ ಕೋಶಗಳ ಸಂಖ್ಯೆಯೇ ಕುಗ್ಗುತ್ತದೆ, ಎಣಿಕೆ 500ಕ್ಕಿಂತ ಕೆಳಗೆ ಆರು ತಿಂಗಳಿಗೂ ಹೆಚ್ಚು ಕಾಲ ಉಳಿದರೆ ಪಿಎಂಎಲ್ ಎಂಬ ಅಪಾಯಕಾರಿ ಮಿದುಳಿನ ಸೋಂಕಿನ ಸಂಭವ ಹೆಚ್ಚುತ್ತದೆ, ಆದ್ದರಿಂದ ಔಷಧವನ್ನು ನಿಲ್ಲಿಸುವ ಬಗ್ಗೆ ಯೋಚಿಸುತ್ತಾರೆ. ನಿಮ್ಮ ವಿಷಯದಲ್ಲಿ 420ರಿಂದ 1,150ಕ್ಕೆ ಆದ ಏರಿಕೆಯ ಅರ್ಥ ಇಷ್ಟೇ: ಗ್ರಂಥಿಗಳಲ್ಲಿ ಸಿಕ್ಕಿಹಾಕಿಕೊಂಡಿದ್ದ ಟಿ ಕೋಶಗಳು ಫಿಂಗೋಲಿಮಾಡ್ ನಿಂತ ಮೇಲೆ ರಕ್ತಕ್ಕೆ ಮರಳಿವೆ.

ವರದಿಯಲ್ಲಿ ನಿಜವಾಗಿ ಕಣ್ಣಿಡಬೇಕಾದ ರೋಗನಿರೋಧಕ ಅಂಕಿ ಐಜಿಜಿ. ಬಿ ಕೋಶಗಳಿಲ್ಲದಿದ್ದರೂ ಹಳೆಯ ಪ್ಲಾಸ್ಮಾ ಕೋಶಗಳು ಪ್ರತಿಕಾಯಗಳನ್ನು ಮಾಡುತ್ತಲೇ ಇರುವುದರಿಂದ ಐಜಿಜಿ ತಕ್ಷಣ ಕುಸಿಯುವುದಿಲ್ಲ. ಆದರೆ ಹೊಸ ಪ್ಲಾಸ್ಮಾ ಕೋಶಗಳು ಹುಟ್ಟಬೇಕಾದದ್ದು ಬಿ ಕೋಶಗಳಿಂದಲೇ. ಆ ಮೂಲ ವರ್ಷಗಟ್ಟಲೆ ಬತ್ತಿದಾಗ ಮೊದಲು ಐಜಿಎಂ ಎಂಬ ಇನ್ನೊಂದು ಬಗೆಯ ಪ್ರತಿಕಾಯ, ಅನಂತರ ನಿಧಾನವಾಗಿ ಐಜಿಜಿ ಇಳಿಯುತ್ತದೆ. ವಯಸ್ಕರಲ್ಲಿ ಐಜಿಜಿಯ ಕೆಳಮಿತಿಯನ್ನು ಪ್ರತಿ ಡೆಸಿಲೀಟರಿಗೆ ಸುಮಾರು 700 ಮಿಲಿಗ್ರಾಂ ಎಂದು ಹಿಡಿಯುತ್ತಾರೆ. ನಿಮ್ಮ 640 ಅದಕ್ಕಿಂತ ಸ್ವಲ್ಪ ಕೆಳಗಿದೆ. ಅದು ಒಂದೇ ಆಗಿ ಅಪಾಯವಲ್ಲ. ಚಿಕಿತ್ಸೆ ಆರಂಭಿಸುವ ಮೊದಲು ನಿಮ್ಮ ಐಜಿಜಿ ಎಷ್ಟಿತ್ತು ಎಂಬುದನ್ನು ಹಳೆಯ ಕಡತದಲ್ಲಿ ಹುಡುಕಿ ತೆಗೆಯಿರಿ. ಆಗಲೇ 720 ಇದ್ದಿದ್ದರೆ ಇಳಿಕೆ ಅಲ್ಪ. 1,200 ಇದ್ದಿದ್ದರೆ ಅರ್ಧದಷ್ಟು ಹೋಗಿದೆ, ಮುಂದೆಯೂ ಇಳಿಯಬಹುದು. ಪದೇ ಪದೇ ಕಫ, ಸೈನಸ್, ಮೂತ್ರದ ಸೋಂಕು, ಆಸ್ಪತ್ರೆ ಸೇರುವಂಥ ನ್ಯುಮೋನಿಯಾ ಕಾಣಿಸಿಕೊಂಡು ಐಜಿಜಿ 400–500ರ ಆಸುಪಾಸಿಗೆ ಬಂದರೆ ಡೋಸ್‌ಗಳ ನಡುವಿನ ಅಂತರವನ್ನು ಹೆಚ್ಚಿಸುವುದು, ಔಷಧವನ್ನು ಬದಲಿಸುವುದು, ಕೆಲವರಿಗೆ ಇಮ್ಯುನೋಗ್ಲೋಬುಲಿನ್ ಕೊಡುವುದು ಇವೆಲ್ಲ ಚರ್ಚೆಗೆ ಬರುತ್ತವೆ. ಎಂಎಸ್‌ನಲ್ಲಿ ಡೋಸ್ ತುಸು ತಡವಾದರೂ ಕೂಡಲೇ ಮರುಕಳಿಕೆ ಬಂದೆರಗುವುದು ಅಪರೂಪ ಎಂಬುದು ಕೊರೊನಾ ಕಾಲದಲ್ಲಿ ಡೋಸ್ ಮುಂದೂಡಬೇಕಾಗಿ ಬಂದ ಹಲವು ಕೇಂದ್ರಗಳ ಅನುಭವ. ಆದ್ದರಿಂದ ಈ ಚರ್ಚೆಗೆ ಅವಕಾಶವಿದೆ. ಆದರೆ ಅದನ್ನು ನೀವಾಗಿಯೇ ನಿರ್ಧರಿಸಿ ಮುಂದಿನ ಡ್ರಿಪ್ ತಪ್ಪಿಸಬೇಡಿ.

ಇದೇ ಜಾಗದಲ್ಲಿ ಹೇಳಲೇಬೇಕಾದ ಒಂದು ಮಾತಿದೆ. ರಿಟುಕ್ಸಿಮ್ಯಾಬ್ ಪಡೆದ ಕೆಲವರಲ್ಲಿ ಡೋಸ್ ಆಗಿ ವಾರಗಳೋ ತಿಂಗಳುಗಳೋ ಕಳೆದ ಮೇಲೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಇದ್ದಕ್ಕಿದ್ದಂತೆ ಇಳಿಯುತ್ತವೆ. ಜ್ವರ ಬಂದಾಗ ಪ್ಯಾರಾಸಿಟಮಾಲ್ ನುಂಗಿ ಸುಮ್ಮನಿರದೆ ಅದೇ ದಿನ ರಕ್ತದ ಎಣಿಕೆ ಮಾಡಿಸಿ. ಈ ಔಷಧ ಹಳೆಯ ಹೆಪಟೈಟಿಸ್ ಬಿ ಸೋಂಕನ್ನು ಮತ್ತೆ ಕೆರಳಿಸಬಲ್ಲದಾದ್ದರಿಂದ ಅದರ ಪರೀಕ್ಷೆಯನ್ನು ಚಿಕಿತ್ಸೆಗೆ ಮೊದಲೇ ಮಾಡಿರಬೇಕು. ಮೇಲ್ಮೈ ಪ್ರತಿಜನಕದ ಪರೀಕ್ಷೆಯೊಂದೇ ಅಲ್ಲ, ಹಳೆಯ ಸೋಂಕನ್ನು ತೋರಿಸುವ ಕೋರ್ ಪ್ರತಿಕಾಯದ ಪರೀಕ್ಷೆಯೂ ಆಗಿರಬೇಕು. ಆಗಿದೆಯೋ ಇಲ್ಲವೋ ಎಂದು ಕಡತದಲ್ಲಿ ನೋಡಿಕೊಳ್ಳಿ.

ಬೆನ್ನಿನಿಂದ ಮತ್ತೆ ನೀರು ತೆಗೆಸುವ ಅಗತ್ಯವಿಲ್ಲ. ನಿಮಗೆ ಮೊದಲ ಸಲ ಆ ಪರೀಕ್ಷೆ ಮಾಡಿದ್ದು ಆಲಿಗೋಕ್ಲೋನಲ್ ಪಟ್ಟಿಗಳಿಗಾಗಿ, ಅಂದರೆ ಮಿದುಳು ಮತ್ತು ಬೆನ್ನುಹುರಿಯನ್ನು ಸುತ್ತುವರಿದ ದ್ರವದಲ್ಲಿ ಮಾತ್ರ ಇದ್ದು ರಕ್ತದಲ್ಲಿ ಇಲ್ಲದ ಪ್ರತಿಕಾಯಗಳ ಗುರುತಿಗಾಗಿ. ಪಾಶ್ಚಾತ್ಯ ದೇಶಗಳ ಎಂಎಸ್ ರೋಗಿಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಜನರಲ್ಲಿ ಇವು ಕಾಣುತ್ತವೆ, ಏಷ್ಯಾದ ವರದಿಗಳಲ್ಲಿ ಈ ಪ್ರಮಾಣ ಕಡಿಮೆ. 2017ರ ಮ್ಯಾಕ್‌ಡೊನಾಲ್ಡ್ ಮಾನದಂಡ ಇವಕ್ಕೆ ರೋಗನಿರ್ಣಯದಲ್ಲಿ ದೊಡ್ಡ ಸ್ಥಾನ ಕೊಟ್ಟಿತು. 2024ರ ಪರಿಷ್ಕರಣೆ ಅದೇ ಕೆಲಸಕ್ಕೆ ಕ್ಯಾಪಾ ಫ್ರೀ ಲೈಟ್ ಚೈನ್ ಎಂಬ, ಯಂತ್ರದಲ್ಲೇ ಅಳೆಯಬಹುದಾದ ಸುಲಭ ಪರೀಕ್ಷೆಯನ್ನೂ ಒಪ್ಪಿಕೊಂಡಿದೆ. ಆದರೆ ಇವು ರೋಗವನ್ನು ಗುರುತಿಸಲು ಇರುವ ಪರೀಕ್ಷೆಗಳು, ಚಿಕಿತ್ಸೆಯನ್ನು ಅಳೆಯಲು ಇರುವವಲ್ಲ. ಬಿ ಕೋಶಗಳನ್ನು ತೆರವು ಮಾಡಿ ಮರುಕಳಿಕೆಗಳನ್ನು ನಿಲ್ಲಿಸಿದ ರೋಗಿಗಳಲ್ಲಿಯೂ ಈ ಪಟ್ಟಿಗಳು ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತವೆ, ಏಕೆಂದರೆ ಅವನ್ನು ತಯಾರಿಸುವ ಪ್ಲಾಸ್ಮಾ ಕೋಶಗಳನ್ನು ರಿಟುಕ್ಸಿಮ್ಯಾಬ್ ಮುಟ್ಟುವುದೇ ಇಲ್ಲ. ಎಂಎಸ್‌ನ ತಿಳಿವಳಿಕೆಯನ್ನೇ ತಿರುಗಿಸಿದ ಸಂಗತಿ ಇದು. 2008ರಲ್ಲಿ ರಿಟುಕ್ಸಿಮ್ಯಾಬ್‌ನ ಮೊದಲ ದೊಡ್ಡ ಪ್ರಯೋಗದ ಫಲಿತಾಂಶ ಬಂದಾಗ ಪ್ರತಿಕಾಯಗಳು ಹೆಚ್ಚೇನೂ ಕಡಿಮೆಯಾಗದಿದ್ದರೂ ಮಿದುಳಿನ ಹೊಸ ಉರಿಯೂತ ವಾರಗಳಲ್ಲೇ ತಗ್ಗಿತು. ಬಿ ಕೋಶಗಳು ಕೇವಲ ಪ್ರತಿಕಾಯಗಳ ಕಾರ್ಖಾನೆಗೆ ಆಳುಗಳನ್ನು ಒದಗಿಸುವವಲ್ಲ, ಟಿ ಕೋಶಗಳಿಗೆ ದಾಳಿಯ ಗುರಿಯನ್ನು ತೋರಿಸಿಕೊಟ್ಟು ಕೆರಳಿಸುವವೂ ಅವೇ ಎಂಬುದು ಆಗ ಗಟ್ಟಿಯಾಯಿತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಂಎಸ್‌ಗಾಗಿ ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿದ ಮೂರು ಔಷಧಗಳಲ್ಲಿ ರಿಟುಕ್ಸಿಮ್ಯಾಬ್ ಒಂದು. ದುಬಾರಿ ಔಷಧಗಳನ್ನು ಕೊಳ್ಳಲಾಗದ ನಮ್ಮ ಎಷ್ಟೋ ಕುಟುಂಬಗಳಿಗೆ ಅದೇ ಆಸರೆ.

ಈಗ ನಿಮ್ಮನ್ನು ಹೆಚ್ಚು ಕಾಡಿರುವ ನ್ಯೂರೋಫಿಲಮೆಂಟ್ ವಿಚಾರಕ್ಕೆ ಬರುತ್ತೇನೆ. ಪ್ರತಿ ನರತಂತುವಿನ ಒಳಗೂ ಅದರ ಆಕಾರ ಮತ್ತು ದಪ್ಪವನ್ನು ಕಾಯ್ದುಕೊಳ್ಳುವ ಪ್ರೋಟೀನ್ ಎಳೆಗಳಿವೆ. ಅವುಗಳ ಅತಿ ಚಿಕ್ಕ ಘಟಕವೇ ನ್ಯೂರೋಫಿಲಮೆಂಟ್ ಲೈಟ್ ಚೈನ್, ಅಥವಾ ಎನ್‌ಎಫ್‌ಎಲ್. ನರತಂತು ತುಂಡಾದಾಗ ಅದು ಸುತ್ತಲಿನ ದ್ರವಕ್ಕೆ ಸೋರಿ, ಅಲ್ಲಿಂದ ಅತ್ಯಲ್ಪ ಪ್ರಮಾಣದಲ್ಲಿ ರಕ್ತಕ್ಕೆ ಬರುತ್ತದೆ. ಬಹುಕಾಲ ಇದನ್ನು ಬೆನ್ನಿನಿಂದ ತೆಗೆದ ದ್ರವದಲ್ಲಿ ಮಾತ್ರ ಅಳೆಯಲು ಆಗುತ್ತಿತ್ತು. ಒಂದೊಂದೇ ಅಣುವನ್ನು ಪತ್ತೆ ಮಾಡಬಲ್ಲ ಸಿಮೋವಾ ಎಂಬ ತಂತ್ರ ಬಂದ ಮೇಲೆ ರಕ್ತದಲ್ಲಿ, ಪ್ರತಿ ಮಿಲಿಲೀಟರಿಗೆ ಕೆಲವೇ ಪಿಕೋಗ್ರಾಂ ಇದ್ದರೂ, ನಂಬಬಹುದಾದಂತೆ ಅಳೆಯಲು ಸಾಧ್ಯವಾಯಿತು. ಅಮೆರಿಕದ ಸೈನಿಕರಿಂದ ಹಿಂದೆಯೇ ಸಂಗ್ರಹಿಸಿಟ್ಟಿದ್ದ ರಕ್ತದ ಮಾದರಿಗಳನ್ನು ತೆರೆದು ನೋಡಿದಾಗ, ಮುಂದೆ ಎಂಎಸ್ ಬಂದವರಲ್ಲಿ ರೋಗದ ಮೊದಲ ಲಕ್ಷಣಕ್ಕೆ ಸುಮಾರು ಆರು ವರ್ಷ ಮುಂಚೆಯೇ ಎನ್‌ಎಫ್‌ಎಲ್ ಏರಿದ್ದು 2020ರಲ್ಲಿ ಪ್ರಕಟವಾಯಿತು. ರೋಗಿಗೆ ಏನೂ ಅನ್ನಿಸದಿರುವಾಗಲೂ ನರತಂತುಗಳು ಕಡಿಯುತ್ತಿರಬಹುದು ಎಂಬುದಕ್ಕೆ ಅದು ನೇರ ಸಾಕ್ಷಿ, ಆದ್ದರಿಂದಲೇ ಈ ಪರೀಕ್ಷೆಯನ್ನು ನಾನು ಹಗುರವಾಗಿ ನೋಡುವುದಿಲ್ಲ.

ಆದರೆ ಅದರ ಮಿತಿಯೂ ಅಷ್ಟೇ ಗಟ್ಟಿ. ಮಳೆಗಾಲದ ಹೊಳೆಯಲ್ಲಿ ಮರದ ತುಂಡು ತೇಲಿಬಂದರೆ ಮೇಲೆಲ್ಲೋ ಮರ ಬಿದ್ದಿದೆ ಎಂದು ತಿಳಿಯುತ್ತದೆ, ಯಾವ ಕಾಡಿನಲ್ಲಿ, ಯಾವ ಕಾರಣಕ್ಕೆ ಎಂದು ತಿಳಿಯುವುದಿಲ್ಲ. ಎನ್‌ಎಫ್‌ಎಲ್ ಎಂಎಸ್‌ಗೆ ಮೀಸಲಾದ ಗುರುತಲ್ಲ. ಪಾರ್ಶ್ವವಾಯು, ತಲೆಗೆ ಪೆಟ್ಟು, ಎಎಲ್‌ಎಸ್ ಎಂಬ ಸ್ನಾಯುಗಳನ್ನು ನಡೆಸುವ ನರಗಳ ಕಾಯಿಲೆ, ಮರೆವಿನ ಕಾಯಿಲೆ, ಸಕ್ಕರೆ ಕಾಯಿಲೆಯಿಂದ ಕೈಕಾಲಿನ ನರಗಳಿಗೆ ಆದ ಹಾನಿ ಇವೆಲ್ಲವುಗಳಲ್ಲೂ ಅದು ಏರುತ್ತದೆ. ಮೂತ್ರಪಿಂಡ ಸರಿಯಾಗಿ ಕೆಲಸ ಮಾಡದಿದ್ದರೆ ನರಗಳಿಗೆ ಏನೂ ಆಗದಿದ್ದರೂ ರಕ್ತದ ಮಟ್ಟ ಹೆಚ್ಚಾಗಿ ಕಾಣುತ್ತದೆ. ವಯಸ್ಸಿನೊಂದಿಗೂ ಅದು ವರ್ಷಕ್ಕೆ ಶೇಕಡಾ 2ರ ಆಸುಪಾಸಿನಲ್ಲಿ ಏರುತ್ತ ಹೋಗುತ್ತದೆ. 30ರ ವಯಸ್ಸಿನಲ್ಲಿ ಎಚ್ಚರಿಕೆಯೆನಿಸುವ ಮಟ್ಟ 65ರಲ್ಲಿ ಸಹಜವಾಗಿರಬಹುದು.

ದೇಹದ ತೂಕಕ್ಕೂ ಇದಕ್ಕೂ ಇರುವ ಸಂಬಂಧವನ್ನು ನಮ್ಮ ವರದಿಗಳು ಬಹುತೇಕ ಹೇಳುವುದೇ ಇಲ್ಲ. ದೇಹ ದೊಡ್ಡದಾದಷ್ಟು ರಕ್ತದ ಪ್ರಮಾಣ ಹೆಚ್ಚು, ಅದೇ ಎನ್‌ಎಫ್‌ಎಲ್ ಹೆಚ್ಚು ರಕ್ತದಲ್ಲಿ ಹರಡಿಕೊಂಡಾಗ ಅಂಕಿ ಕಡಿಮೆ ಬರುತ್ತದೆ. ತೂಕ ಇಳಿದಾಗ ಇದರ ತಿರುಗುಮುರುಗು. ನೀವು ಒಂಬತ್ತು ಕಿಲೋ ಇಳಿಸಿದ್ದೀರಿ. ಅದು ಒಳ್ಳೆಯ ಕೆಲಸ, ಆದರೆ 7.4ರಿಂದ 11.8ಕ್ಕೆ ಆದ ಏರಿಕೆಯಲ್ಲಿ ಅದರದೂ ಒಂದು ಪಾಲಿರಬಹುದು. ಅದಕ್ಕಿಂತ ದೊಡ್ಡ ಪಾಲು ಲ್ಯಾಬ್ ಬದಲಾದದ್ದರದು ಎಂಬುದು ನನ್ನ ಬಲವಾದ ಅನುಮಾನ. ಎನ್‌ಎಫ್‌ಎಲ್ ಅಳೆಯುವ ಯಂತ್ರಗಳು ಈಗ ಹಲವು ಕಂಪನಿಗಳಿಂದ ಬಂದಿವೆ. ಅವು ಒಂದೇ ದಿಕ್ಕಿನಲ್ಲಿ ಏರಿಳಿಯುತ್ತವಾದರೂ ಒಂದೇ ರಕ್ತಕ್ಕೆ ಒಂದೇ ಅಂಕಿಯನ್ನು ಕೊಡುವುದಿಲ್ಲ. ಹೀಗಿರುವಾಗ ಒಂದು ಯಂತ್ರದ 7.4ನ್ನು ಇನ್ನೊಂದರ 11.8ರ ಜೊತೆ ಹೋಲಿಸಿ ಶೇಕಡಾ 60ರಷ್ಟು ಏರಿದೆ ಎಂದು ಲೆಕ್ಕ ಹಾಕುವುದು ನ್ಯಾಯವಲ್ಲ. ಎರಡೂ ವರದಿಗಳ ಕೆಳಭಾಗದಲ್ಲಿ ಪರೀಕ್ಷಾ ವಿಧಾನ ಎಂಬ ಸಾಲಿರುತ್ತದೆ, ಅದನ್ನು ನೋಡಿ. ಅವು ಬೇರೆಯಾಗಿದ್ದರೆ ಹಳೆಯ ಅಂಕಿಯನ್ನು ಪಕ್ಕಕ್ಕಿಟ್ಟು ಈ 11.8ನ್ನೇ ನಿಮ್ಮ ಮೊದಲ ಅಂಕಿಯೆಂದು ಹಿಡಿಯಿರಿ.

ಹಾಗಾದರೆ 11.8ನ್ನು ಒಂಟಿಯಾಗಿ ಓದುವುದು ಹೇಗೆ? ಸ್ವಿಟ್ಜರ್‌ಲೆಂಡಿನ ಸಂಶೋಧಕರು 2022ರಲ್ಲಿ ಸಾವಿರಾರು ಆರೋಗ್ಯವಂತರ ರಕ್ತವನ್ನು ಆಧಾರವಾಗಿಟ್ಟುಕೊಂಡು ವಯಸ್ಸು ಮತ್ತು ದೇಹದ ತೂಕ-ಎತ್ತರದ ಅನುಪಾತಕ್ಕೆ ಸರಿಹೊಂದಿಸಿದ ಅಳತೆಗೋಲೊಂದನ್ನು ಪ್ರಕಟಿಸಿದರು. ಅದರಲ್ಲಿ ಫಲಿತಾಂಶ ಬರುವುದು ಪಿಕೋಗ್ರಾಂನಲ್ಲಿ ಅಲ್ಲ, ಝಡ್ ಸ್ಕೋರ್‌ನಲ್ಲಿ, ಅಂದರೆ ನಿಮ್ಮ ವಯಸ್ಸಿನ, ನಿಮ್ಮ ಮೈಕಟ್ಟಿನ ಆರೋಗ್ಯವಂತರ ಸರಾಸರಿಯಿಂದ ನೀವು ಎಷ್ಟು ದೂರದಲ್ಲಿದ್ದೀರಿ ಎಂಬ ಲೆಕ್ಕದಲ್ಲಿ. ಝಡ್ ಸ್ಕೋರ್ 1.5ಕ್ಕಿಂತ ಮೇಲಿದ್ದವರಲ್ಲಿ ಮುಂದಿನ ವರ್ಷ ಮರುಕಳಿಕೆ ಅಥವಾ ಎಂಆರ್‌ಐಯಲ್ಲಿ ಹೊಸ ಗಾಯ ಕಾಣುವ ಸಂಭವ ಹೆಚ್ಚಿತ್ತು. ಮೇಲ್ನೋಟಕ್ಕೆ ರೋಗ ಸಂಪೂರ್ಣ ಶಾಂತವಾಗಿದೆ ಎನಿಸಿದವರಲ್ಲೂ ಹಾಗೆಯೇ ಇತ್ತು. ಈ ಅಳತೆಗೋಲು ಸಿಮೋವಾ ವಿಧಾನದ ಅಂಕಿಗಳಿಗೆ ತಯಾರಾದದ್ದು, ಯುರೋಪ್ ಮತ್ತು ಅಮೆರಿಕದ ಜನರನ್ನು ಆಧರಿಸಿದ್ದು ಎಂಬುದನ್ನು ಮರೆಯಬಾರದು. ನಿಮ್ಮ ನರರೋಗ ತಜ್ಞರಿಗೆ ನಿಮ್ಮ ಈಗಿನ ತೂಕ, ಎತ್ತರ, ಕ್ರಿಯಾಟಿನಿನ್ ಮತ್ತು ಸಕ್ಕರೆಯ ಅಂಕಿಗಳನ್ನು ಕೊಟ್ಟು ಝಡ್ ಸ್ಕೋರ್ ಲೆಕ್ಕ ಹಾಕಲು ಕೇಳಿ. ಮೂರು ತಿಂಗಳ ನಂತರ ಅದೇ ಲ್ಯಾಬ್‌ನಲ್ಲಿ ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಮೂರು ತಿಂಗಳೇ ಏಕೆಂದರೆ ಒಂದು ಮರುಕಳಿಕೆಯಿಂದ ಏರಿದ ಎನ್‌ಎಫ್‌ಎಲ್ ಮತ್ತೆ ಇಳಿಯಲು ಸಾಮಾನ್ಯವಾಗಿ ಎರಡು-ಮೂರು ತಿಂಗಳು ಹಿಡಿಯುತ್ತದೆ. ವಾರದೊಳಗೆ ಮರುಪರೀಕ್ಷೆ ಮಾಡಿಸಿದರೆ ಹಣ ಹೋಗುತ್ತದೆ, ತಿಳಿವಳಿಕೆ ಬರುವುದಿಲ್ಲ.

ಪರಿಣಾಮಕಾರಿ ಚಿಕಿತ್ಸೆ ಶುರುವಾದಾಗ ಎನ್‌ಎಫ್‌ಎಲ್ ಇಳಿಯುತ್ತದೆ ಎಂಬುದು ಬಹುತೇಕ ಎಲ್ಲ ಪ್ರಬಲ ಔಷಧಗಳಲ್ಲೂ ಕಂಡಿದೆ. ಚಿಕಿತ್ಸೆ ನಿಲ್ಲಿಸಿ ರೋಗ ಕೆರಳಿದಾಗ ಅದು ಮತ್ತೆ ಏರುತ್ತದೆ. ಹೊಸ ಉರಿಯೂತವನ್ನು ಹಿಡಿಯುವುದರಲ್ಲಿ ಇದು ಎಂಆರ್‌ಐಗೆ ಒಳ್ಳೆಯ ಜೊತೆಗಾರ, ಆದರೆ ಬದಲಿಯಲ್ಲ. ಎಂಆರ್‌ಐ ಶಾಂತವಾಗಿದ್ದು ಒಂದೇ ಒಂದು ಎನ್‌ಎಫ್‌ಎಲ್ ಏರಿದೆಯೆಂದು ಕೆಲಸ ಮಾಡುತ್ತಿರುವ ಔಷಧವನ್ನು ಬದಲಿಸುವುದನ್ನು ನಾನು ಒಪ್ಪುವುದಿಲ್ಲ.

ಇನ್ನು ನಿಮ್ಮ ಬಲಗಾಲು. ಇಡೀ ಪತ್ರದಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ ಸಾಲು ಅದು, ನೀವು ಅದನ್ನು ಕೊನೆಯಲ್ಲಿ ಬರೆದಿದ್ದೀರಿ. ಸಿಡಿ19 ಶೂನ್ಯವಾಗಿದ್ದು, ಹೊಸ ಗಾಯಗಳಿಲ್ಲದೆ, ಎನ್‌ಎಫ್‌ಎಲ್ ಕೂಡ ಹಿಡಿತದಲ್ಲಿದ್ದು ನಡಿಗೆ ಮಾತ್ರ ನಿಧಾನವಾಗಿ ಕೆಡುವುದು ಸಾಧ್ಯ. ರಿಟುಕ್ಸಿಮ್ಯಾಬ್‌ನ ಗುಂಪಿಗೇ ಸೇರಿದ ಆಕ್ರೆಲಿಜುಮ್ಯಾಬ್ ಎಂಬ ಔಷಧದ ದೊಡ್ಡ ಪ್ರಯೋಗಗಳನ್ನು ಮರಳಿ ಪರಿಶೀಲಿಸಿದಾಗ, ಮರುಕಳಿಸುವ ಬಗೆಯ ಎಂಎಸ್‌ನಲ್ಲಿಯೂ ಸೇರುತ್ತ ಹೋದ ಅಂಗವೈಕಲ್ಯದ ಬಹುಪಾಲು ಯಾವ ಮರುಕಳಿಕೆಗೂ ಸಂಬಂಧವಿಲ್ಲದೆ ಬಂದಿತ್ತು ಎಂಬುದು 2020ರಲ್ಲಿ ಹೊರಬಿತ್ತು. ರಕ್ತದಿಂದ ಬರುವ ಬಿ ಮತ್ತು ಟಿ ಕೋಶಗಳನ್ನು ತಡೆದ ಮೇಲೂ ಮಿದುಳಿನ ಒಳಗೇ ನೆಲೆಸಿರುವ ಮೈಕ್ರೋಗ್ಲಿಯಾ ಎಂಬ ರೋಗನಿರೋಧಕ ಕೋಶಗಳು ಹಳೆಯ ಗಾಯಗಳ ಅಂಚಿನಲ್ಲಿ ಕೆಲಸ ಮುಂದುವರಿಸುತ್ತವೆ. ಈ ನಿಧಾನದ ಹಾನಿಯನ್ನು ಎನ್‌ಎಫ್‌ಎಲ್ ಸರಿಯಾಗಿ ಹಿಡಿಯುವುದಿಲ್ಲ. ನರಕೋಶಗಳಿಗೆ ಆಸರೆಯಾಗಿರುವ ಆಸ್ಟ್ರೋಸೈಟ್‌ಗಳಿಂದ ಬರುವ ಜಿಎಫ್‌ಎಪಿ ಎಂಬ ಇನ್ನೊಂದು ಪ್ರೋಟೀನ್ ಅದನ್ನು ಇನ್ನಷ್ಟು ಚೆನ್ನಾಗಿ ಸೂಚಿಸುತ್ತದೆ ಎಂಬುದಕ್ಕೆ ಆಧಾರಗಳು ಸೇರುತ್ತಿವೆ. ಆದರೂ ಒಬ್ಬ ರೋಗಿಯ ಚಿಕಿತ್ಸೆಯನ್ನು ಅದರ ಮೇಲೆ ನಿರ್ಧರಿಸುವ ಹಂತ ಇನ್ನೂ ಬಂದಿಲ್ಲ. ಆದ್ದರಿಂದ ಆ ಪರೀಕ್ಷೆಗೆ ಈಗ ಹಣ ಖರ್ಚು ಮಾಡಬೇಡಿ.

ಅದಕ್ಕಿಂತ ಮೊದಲು ರೋಗನಿರ್ಣಯದ ಬಗ್ಗೆಯೇ ಒಂದು ಸಂಗತಿಯನ್ನು ಖಚಿತಪಡಿಸಿಕೊಳ್ಳಿ. ನಮ್ಮಲ್ಲಿ ಎಂಎಸ್‌ನಂತೆಯೇ ಕಾಣುವ ನ್ಯೂರೋಮೈಲೈಟಿಸ್ ಆಪ್ಟಿಕಾ ಎಂಬ, ಮುಖ್ಯವಾಗಿ ಕಣ್ಣಿನ ನರ ಮತ್ತು ಬೆನ್ನುಹುರಿಯನ್ನು ಬಾಧಿಸುವ ಕಾಯಿಲೆಯೂ ಇದೆ. ಇದನ್ನು ಬಿಡಿಸಿ ನೋಡುವ ಕೆಲಸಕ್ಕೆ ನಮ್ಮ ಮಂಗಳೂರು ಹೆಸರಾಗಿದೆ. ಅಲ್ಲಿನ ನಿಟ್ಟೆ ವಿಶ್ವವಿದ್ಯಾಲಯದ ತಜ್ಞರು ಇಂಥ ಕಾಯಿಲೆಗಳ ನೋಂದಣಿಯೊಂದನ್ನು ಕಟ್ಟಿ, ಮಂಗಳೂರು ನಗರದಲ್ಲಿ ಲಕ್ಷ ಜನರಲ್ಲಿ ಸುಮಾರು ಎಂಟು ಮಂದಿಗೆ ಎಂಎಸ್ ಇರುವುದನ್ನು ಗುರುತಿಸಿದ್ದಾರೆ, ನ್ಯೂರೋಮೈಲೈಟಿಸ್ ಆಪ್ಟಿಕಾದ ಗುರುತಾದ ಆಕ್ವಪೋರಿನ್-4 ಪ್ರತಿಕಾಯವನ್ನು ಪತ್ತೆ ಮಾಡುವ ಕೋಶ ಆಧಾರಿತ ಪರೀಕ್ಷೆಯನ್ನು ತಮ್ಮಲ್ಲೇ ರೂಪಿಸಿದ್ದಾರೆ. ಬೀಟಾ ಇಂಟರ್‌ಫೆರಾನ್, ಫಿಂಗೋಲಿಮಾಡ್, ನಟಾಲಿಜುಮ್ಯಾಬ್ ನ್ಯೂರೋಮೈಲೈಟಿಸ್ ಆಪ್ಟಿಕಾವನ್ನು ಕೆರಳಿಸಬಲ್ಲವು. ಫಿಂಗೋಲಿಮಾಡ್ ತೆಗೆದುಕೊಳ್ಳುತ್ತಿದ್ದಾಗಲೇ ನಿಮಗೆ ಅಟ್ಯಾಕ್ ಆಗಿತ್ತು. ಅದು ಎಂಎಸ್‌ನಲ್ಲೂ ಆಗಬಹುದಾದದ್ದೇ, ನಿಮ್ಮ ದ್ರವದಲ್ಲಿ ಪಟ್ಟಿಗಳು ಕಂಡಿದ್ದರೆ ಎಂಎಸ್ ಎನ್ನುವುದಕ್ಕೆ ಬಲವೂ ಹೆಚ್ಚು. ಆದರೂ ಆಕ್ವಪೋರಿನ್-4 ಪರೀಕ್ಷೆ ಕಡತದಲ್ಲಿ ಇಲ್ಲದಿದ್ದರೆ ಒಮ್ಮೆ ಮಾಡಿಸಿ. ಅದಕ್ಕೆ ರಕ್ತ ಸಾಕು. ಆ ಕಾಯಿಲೆಯಾಗಿದ್ದಲ್ಲಿ ಬಿ ಕೋಶಗಳು ಮರಳಲು ಬಿಟ್ಟು ಡೋಸ್ ಮುಂದೂಡುವುದು ಅಪಾಯ. ಮೇಲೆ ಐಜಿಜಿ ವಿಚಾರದಲ್ಲಿ ಹೇಳಿದ ಸಡಿಲಿಕೆ ಅಲ್ಲಿ ಅನ್ವಯಿಸುವುದಿಲ್ಲ.

ಕಾಲಿನ ವಿಷಯದಲ್ಲಿ ಮಾಡಬೇಕಾದದ್ದು ಸರಳ. 25 ಅಡಿ, ಅಂದರೆ ಸುಮಾರು ಏಳೂವರೆ ಮೀಟರ್ ದೂರವನ್ನು ಸುರಕ್ಷಿತವಾಗಿ ಎಷ್ಟು ಬೇಗ ಆಗುವುದೋ ಅಷ್ಟು ಬೇಗ ನಡೆದು ಹಿಡಿದ ಸೆಕೆಂಡುಗಳನ್ನು ಬರೆದಿಡಿ. ತಂಪು ಹೊತ್ತಿನಲ್ಲಿ, ದಣಿಯುವ ಮೊದಲು, ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ಇದನ್ನು ಮಾಡಿ. ಬಿಸಿಲಿಗೆ ಮತ್ತು ಜ್ವರಕ್ಕೆ ಹಳೆಯ ಲಕ್ಷಣಗಳು ತಾತ್ಕಾಲಿಕವಾಗಿ ಮರಳುವುದು ಎಂಎಸ್‌ನಲ್ಲಿ ಸಾಮಾನ್ಯ, ಅದನ್ನು ಇದರೊಂದಿಗೆ ಬೆರೆಸಬಾರದು. ಸಮಯ ಶೇಕಡಾ 20ಕ್ಕಿಂತ ಹೆಚ್ಚಾಗಿ ಹಾಗೆಯೇ ಉಳಿದರೆ ಅದು ನಿಜವಾದ ಬದಲಾವಣೆ. ವಿಟಮಿನ್ ಬಿ12, ಹಿಮೋಗ್ಲೋಬಿನ್, ಥೈರಾಯ್ಡ್ ಮತ್ತು ಮೂತ್ರ ಪರೀಕ್ಷೆ ಮಾಡಿಸಿ. ಶುದ್ಧ ಸಸ್ಯಾಹಾರಿಯಾಗಿದ್ದು ಈಚೆಗೆ ಊಟ ಕಡಿಮೆ ಮಾಡಿ ತೂಕ ಇಳಿಸಿದವರಲ್ಲಿ ಬಿ12 ಕೊರತೆಯೊಂದೇ ಬೆನ್ನುಹುರಿಯನ್ನು ಬಾಧಿಸಿ ನಡಿಗೆಯನ್ನು ಕೆಡಿಸಬಲ್ಲದು, ಮತ್ತು ಅದು ಗುಣವಾಗುವಂಥದ್ದು. ಕೊನೆಯದಾಗಿ, ನೀವು ಹೇಳಿದ್ದು ಮಿದುಳಿನ ಎಂಆರ್‌ಐ ಬಗ್ಗೆ ಮಾತ್ರ. ಕಾಲಿಗೆ ಹೋಗುವ ತಂತುಗಳು ಹಾದುಹೋಗುವುದು ಬೆನ್ನುಹುರಿಯ ಮೂಲಕ. ಕುತ್ತಿಗೆ ಮತ್ತು ಎದೆಮಟ್ಟದ ಬೆನ್ನುಹುರಿಯ ಎಂಆರ್‌ಐ ಈ ಎರಡೂವರೆ ವರ್ಷಗಳಲ್ಲಿ ಆಗಿಲ್ಲವಾದರೆ ಮುಂದಿನ ಡ್ರಿಪ್‌ಗೆ ಮೊದಲೇ ಅದನ್ನು ಮಾಡಿಸಿ, ಹೋಲಿಸಿ ನೋಡಲು ಐದು ವರ್ಷಗಳ ಹಿಂದಿನ ಎಂಆರ್‌ಐ ಡಿಸ್ಕನ್ನೂ ವೈದ್ಯರ ಬಳಿಗೆ ತೆಗೆದುಕೊಂಡು ಹೋಗಿ.